ಹೊಸ ಸಾಣೆಕಲ್ಲು ನಡುಗುತ್ತಿದ್ದರೆ ‘ಓಡ್ತಾ ಓಡ್ತಾ ಸೆಟ್ ಆಗುತ್ತೆ’ ಅನ್ನೋ ಮಾತು ನಂಬಬೇಡಿ

ಉಳಿ, ಕೀಸುಳಿ ಬ್ಲೇಡುಗಳಿಗೆ ಸಾಣೆ ಹಿಡಿಯಲು ಬೆಂಚ್ ಗ್ರೈಂಡರ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ 8 ಇಂಚಿನ ಗ್ರೈಂಡರ್‌ಗೆ ಹೊಸ ಬಿಳಿ ಕಲ್ಲು ಹಾಕಿಸಿದೆ. ಹಾಕಿಕೊಟ್ಟವರು ಇದೇ ಕೆಲಸದಲ್ಲಿ ಪಳಗಿದ ಮೆಕ್ಯಾನಿಕ್. ಸ್ವಿಚ್ ಹಾಕಿದ ಕೂಡಲೇ ಬೆಂಚು ಗಡಗಡ ನಡುಗತೊಡಗಿತು. ಟೂಲ್ ರೆಸ್ಟ್ (ಸಾಣೆ ಹಿಡಿಯುವಾಗ ಉಳಿ ಆನಿಸುವ ತಟ್ಟೆ) ಮೇಲೆ ಸುಮ್ನೆ ಇಟ್ಟಿದ್ದ ಉಳಿ ತಾನಾಗಿಯೇ ಅಂಚಿಗೆ ಸರಿದು ಬರುತ್ತಿತ್ತು. ಕೇಳಿದ್ದಕ್ಕೆ, “ಹೊಸ ಕಲ್ಲು ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ” ಅಂದರು. ನಾನು ಒಪ್ಪಲಿಲ್ಲ ಅಂತ ಡೈಮಂಡ್ ಡ್ರೆಸ್ಸರ್ (ಕಲ್ಲಿನ ಮುಖ ಕೆರೆದು ಸಮ ಮಾಡುವ ವಜ್ರದ ಸಾಧನ) ತಂದು ಹಿಡಿದರು. ಬಿಳಿ ಪುಡಿ ರಾಶಿ ಬಿತ್ತು. ಕಲ್ಲಿನ ಮುಖ ದುಂಡಗೂ ಆಯಿತು. ನಡುಕ ಮಾತ್ರ ಹಾಗೇ ಇತ್ತು.

ಮನೆಗೆ ತಂದು ಕವರ್ ಬಿಚ್ಚಿದೆ. ನಟ್ ಅಲ್ಲಾಡಲೇ ಇಲ್ಲ. ಗ್ರೈಂಡರ್‌ನ ಎಡಗಡೆ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಅದು ಗೊತ್ತಿತ್ತು. ಆದರೂ ಸ್ಪಾನರ್‌ಗೆ ಪೈಪ್ ತೊಡಿಸಿ ಒತ್ತಿದ ಮೇಲೇ ಬಿಟ್ಟಿತು. ಅಷ್ಟು ಬಿಗಿ ಮಾಡಿದ್ದರು! ಕಲ್ಲು ಜಾರದಷ್ಟು ಬಿಗಿದರೆ ಸಾಕು. ಅದಕ್ಕಿಂತ ಜಾಸ್ತಿ ಬಿಗಿದರೆ ಫ್ಲ್ಯಾಂಜ್ (ಕಲ್ಲನ್ನು ಎರಡೂ ಮಗ್ಗುಲಿಂದ ಅದುಮಿ ಹಿಡಿಯುವ ಲೋಹದ ಬಿಲ್ಲೆ) ಬಾಗುತ್ತದೆ, ಕಲ್ಲು ಬಿರುಕು ಬಿಡುತ್ತದೆ.

ಒಳಗೆ ನೋಡಿದರೆ ಮೈ ಉರಿಯಿತು. ಹೊರಗಡೆ ಫ್ಲ್ಯಾಂಜ್ ಇರಬೇಕಾದ ಜಾಗದಲ್ಲಿ ಒಂದು ಚಿಕ್ಕ ವಾಷರ್. ಕಲ್ಲಿಗೂ ಲೋಹಕ್ಕೂ ನಡುವೆ ಇರಬೇಕಾದ ದಪ್ಪ ಕಾಗದದ ಬಿಲ್ಲೆ ಎರಡೂ ಕಡೆ ಮಾಯ. ಕಲ್ಲಿನ ತೂತು ಶಾಫ್ಟ್‌ಗಿಂತ ದೊಡ್ಡದು. ಆ ಸಂದಿಗೆ ಪ್ಲಾಸ್ಟಿಕ್ ಬುಷ್ (ಸಂದಿ ತುಂಬುವ ಬಳೆ), ಅದೂ ಸಾಲದೆ ಮೇಲೊಂದು ಸುತ್ತು ಟೇಪು. ಟೇಪಿನ ತುದಿ ಒಂದರ ಮೇಲೊಂದು ಬಂದ ಕಡೆ ಕಲ್ಲು ಪಕ್ಕಕ್ಕೆ ಸರಿದಿತ್ತು.

ಎರಡೂ ಕಡೆಯ ಫ್ಲ್ಯಾಂಜ್‌ಗಳು ಒಂದೇ ಅಳತೆಯವಾಗಿರಬೇಕು. ಅವುಗಳ ವ್ಯಾಸ ಕಲ್ಲಿನ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಅಂದರೆ 200 ಮಿಲಿಮೀಟರ್ ಕಲ್ಲಿಗೆ ಸುಮಾರು 67 ಮಿಲಿಮೀಟರ್. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ವಾಷರ್ ಆದರೆ ಎರಡೂ ಬೇರೆ ಬೇರೆ ಜಾಗದಲ್ಲಿ ಅದುಮಿ ಕಲ್ಲನ್ನು ಬಾಗಿಸಲು ನೋಡುತ್ತವೆ. ಕಲ್ಲು ಬಾಗುವ ವಸ್ತುವಲ್ಲ, ಒಡೆಯುವ ವಸ್ತು.

ಅದೇ ಆಗಿತ್ತು. ಬುಷ್ ತೆಗೆದು, ತೂತಿನೊಳಗೆ ಬೆರಳು ತೂರಿಸಿ ಕಲ್ಲನ್ನು ತೂಗುಹಾಕಿ, ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ನೇರ ಮೇಲೆ ಕೆಳಗೆ ತಟ್ಟಬಾರದು. ನಡುಗೆರೆಯಿಂದ 45 ಡಿಗ್ರಿ ಓರೆಗೆ, ಅಂಚಿನಿಂದ ಒಂದೆರಡು ಇಂಚು ಒಳಗೆ ತಟ್ಟಬೇಕು. ಆಮೇಲೆ ಕಲ್ಲನ್ನು ಸ್ವಲ್ಪ ತಿರುಗಿಸಿ ಮತ್ತೆ ತಟ್ಟಬೇಕು. ಒಣಗಿದ ಒಳ್ಳೆಯ ಕಲ್ಲು ‘ಠಣ್’ ಅನ್ನುತ್ತದೆ. ನನ್ನದು ಒಡೆದ ಮಡಕೆಯ ಹಾಗೆ ‘ಡಬ್’ ಅಂದಿತು. ಕಣ್ಣಿಗೆ ಬಿರುಕು ಕಾಣುತ್ತಿರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದಾಗ ತೂತಿನ ಬಳಿ ಕೂದಲೆಳೆಯಷ್ಟು ಗೆರೆ ಕಂಡಿತು. (ರಬ್ಬರ್, ರೆಸಿನ್ ಅಂಟಿನ ಕಲ್ಲುಗಳು ಹೀಗೆ ಠಣ್ ಅನ್ನಲ್ಲ. ಅವಕ್ಕೆ ಈ ಪರೀಕ್ಷೆ ನಂಬಬೇಡಿ.)

ಈಗ ಲೆಕ್ಕ ಹಾಕಿ. ನಿಮಿಷಕ್ಕೆ 2850 ಸುತ್ತು ತಿರುಗುವ 8 ಇಂಚಿನ ಕಲ್ಲಿನ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ. ಗಂಟೆಗೆ 100 ಕಿಲೋಮೀಟರ್‌ಗಿಂತ ಜಾಸ್ತಿ. ಅಂಥ ಕಲ್ಲಿನ ಎದುರಿಗೇ ಮುಖ ಬಗ್ಗಿಸಿ ನಿಂತು ಆ ಮನುಷ್ಯ ಡ್ರೆಸ್ಸರ್ ಹಿಡಿದಿದ್ದರು. ನಾನು ಪಕ್ಕದಲ್ಲೇ ಇದ್ದೆ.

ಡ್ರೆಸ್ಸರ್ ಕೆಟ್ಟದ್ದಲ್ಲ, ಆದರೆ ಅದರ ಸರದಿ ಕೊನೆಗೆ. ಕಲ್ಲಿನ ಮುಖದ ಏರುತಗ್ಗು ಮಾತ್ರ ಅದಕ್ಕೆ ಸಿಗುತ್ತದೆ. ಎಡಬಲಕ್ಕೆ ಓಲಾಡುವ ಕಲ್ಲಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಓಲಾಟ ಬರುವುದು ಫ್ಲ್ಯಾಂಜ್‌ನಿಂದ, ಇಲ್ಲವೇ ಬಾಗಿದ ಶಾಫ್ಟ್‌ನಿಂದ. ಹುಡುಕುವುದನ್ನು ಅಲ್ಲಿಂದಲೇ ಶುರು ಮಾಡಬೇಕು. ನಾನು ಎರಡೂ ಕಲ್ಲು ತೆಗೆದು, ನಟ್ ಫ್ಲ್ಯಾಂಜ್ ಎಲ್ಲ ಬಿಚ್ಚಿಟ್ಟು ಮೋಟಾರ್ ಒಂದನ್ನೇ ಓಡಿಸಿದೆ. ಮೇಲೆ ಕೈಯಿಟ್ಟರೂ ಅದುರಲಿಲ್ಲ. ಹಾಗಾಗಿ ಶಾಫ್ಟ್, ಬೇರಿಂಗ್ ಸರಿಯಿದ್ದವು. ತಗಡು ಒತ್ತಿ ಮಾಡಿದ ಫ್ಲ್ಯಾಂಜ್ ಬಿಟ್ಟು ಲೇತ್‌ನಲ್ಲಿ ತಿರುವಿದ ಜೋಡಿ ಹಾಕಿಸಿದೆ. ತೂತಿಗೆ ಸರಿಯಾಗಿ ಕೂರುವ ಲೋಹದ ಬುಷ್ ಹಾಕಿದೆ. ಕಲ್ಲು ಅದರ ಮೇಲೆ ಸಲೀಸಾಗಿ ಜಾರಬೇಕು, ಹೊಡೆದು ಕೂರಿಸುವಂತಿರಬಾರದು. ಕಲ್ಲಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮೋಟಾರ್‌ನದಕ್ಕಿಂತ ಕಡಿಮೆ ಇಲ್ಲ ಅಂತಲೂ ನೋಡಿಕೊಂಡೆ.

ಹೊಸ ಕಲ್ಲನ್ನೂ ತಟ್ಟಿ ನೋಡಿಯೇ ಹಾಕಿದೆ. ಟೂಲ್ ರೆಸ್ಟ್ ಮೇಲೆ ಪೆನ್ಸಿಲ್ ಒತ್ತಿ ಹಿಡಿದು, ಕಲ್ಲಿನ ಮಗ್ಗುಲಿಗೆ ತುದಿ ತಾಗುವಷ್ಟು ಹತ್ತಿರ ತಂದು, ಕಲ್ಲನ್ನು ಕೈಯಿಂದ ತಿರುಗಿಸಿದೆ. ಒಂದೇ ಕಡೆ ಗೆರೆ ಬಿತ್ತು. ಅದು ಉಬ್ಬಿದ ಕಡೆ. ನಟ್ ಸಡಿಲಿಸಿ, ಕಲ್ಲನ್ನು ಫ್ಲ್ಯಾಂಜ್ ಮೇಲೆ ಕಾಲು ಸುತ್ತು ತಿರುಗಿಸಿ, ಮತ್ತೆ ಬಿಗಿದು ನೋಡಿದೆ. ಹೀಗೆ ತಿರುಗಿಸುತ್ತಾ ಹೋದರೆ ಕಲ್ಲಿನ ಓರೆ, ಫ್ಲ್ಯಾಂಜ್‌ನ ಓರೆ ಒಂದನ್ನೊಂದು ತಿನ್ನುವ ಜಾಗ ಸಿಗುತ್ತದೆ. ತಾಳ್ಮೆ ಬೇಡುವ ಕೆಲಸ, ಆದರೆ ದುಡ್ಡು ಖರ್ಚಿಲ್ಲ. ಆಮೇಲೆ ಕವರ್ ಹಾಕಿ, ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿದೆ. ಕನ್ನಡಕ ಹಾಕಿಕೊಂಡು ತೆಳುವಾಗಿ ಡ್ರೆಸ್ಸರ್ ಎಳೆದೆ. ಕೊನೆಗೆ ರೆಸ್ಟ್‌ಗೂ ಕಲ್ಲಿಗೂ ನಡುವೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದಿ ಉಳಿಯದಂತೆ ಹೊಂದಿಸಿದೆ.

ಸ್ವಿಚ್ ಆರಿಸಿದ ಮೇಲೆ ವೇಗ ಇಳಿಯುವಾಗ ಈಗಲೂ ಒಂದು ಕ್ಷಣ ಬೆಂಚು ಜುಂ ಅನ್ನುತ್ತದೆ. ಬಹಳಷ್ಟು ಗ್ರೈಂಡರ್‌ಗಳಲ್ಲಿ ಅಷ್ಟು ಇದ್ದದ್ದೇ. ಓಡುವಾಗ ಮಾತ್ರ ಉಳಿ ಇಟ್ಟ ಕಡೆಯೇ ಇರುತ್ತದೆ, ಅಂಚಿನಲ್ಲಿ ಮೊದಲಿನಂತೆ ಮೆಟ್ಟಿಲು ಮೆಟ್ಟಿಲು ಗುರುತು ಬೀಳುವುದಿಲ್ಲ.

ಬಿರುಕು ಬಿಟ್ಟ ಕಲ್ಲನ್ನು ಮೆಕ್ಯಾನಿಕ್ ವಾಪಸ್ ಕೇಳಿದರು. “ಕೊಡಿ ಸಾರ್, ಚಿಕ್ಕ ಮೆಷಿನ್‌ಗೆ ಆಗುತ್ತೆ” ಅಂದರು. ಕೊಡಲಿಲ್ಲ. ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಪುಡಿ ಮಾಡಿದೆ. ನಿಮ್ಮ ಹತ್ತಿರ ಅಂಥದ್ದಿದ್ದರೆ ಇಡಿಯಾಗಿ ಕಸಕ್ಕೆ ಹಾಕಬೇಡಿ, ಯಾರಾದರೂ ಎತ್ತಿಕೊಂಡು ಹೋಗಿ ಮತ್ತೆ ಹಾಕಿಬಿಡುತ್ತಾರೆ.