ಕ್ವಾಂಟಮ್ ಫ್ಲೈಟ್ರ್ಯಾಪ್‌ನ ವರ್ಚುವಲ್ ಲ್ಯಾಬ್: ದಾಳವಲ್ಲ, ನಿಜವಾದ ಫೋಟಾನ್ ಲೆಕ್ಕ

ಹೆಸರಿನಲ್ಲಿ ‘ಕ್ವಾಂಟಮ್’ ಇದ್ದು ಒಳಗೆ ಬರೀ ದಾಳ ಉರುಳಿಸುವ ಆಟಗಳು ಬೇಕಾದಷ್ಟಿವೆ. ಕ್ವಾಂಟಮ್ ಫ್ಲೈಟ್ರ್ಯಾಪ್‌ನವರ ವರ್ಚುವಲ್ ಲ್ಯಾಬ್ ಆ ಸಾಲಿನದಲ್ಲ; ಫೋಟಾನ್ ಅಂದರೆ ಬೆಳಕಿನ ಕಣ ಹೇಗೆ ಸಾಗುತ್ತದೆಂದು ಇದು ನಿಜವಾಗಿ ಲೆಕ್ಕ ಹಾಕುತ್ತದೆ. ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಕೋಡ್ ಬರೆಯುವುದು ಬೇಡ. ಕನ್ನಡಿ, ಬೀಮ್ ಸ್ಪ್ಲಿಟರ್ (ಬೆಳಕನ್ನು ಎರಡು ದಾರಿಗೆ ಸೀಳುವ ಅರೆಗನ್ನಡಿ), ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಜರಡಿ), ಡಿಟೆಕ್ಟರ್‌ಗಳನ್ನು ಎಳೆದು ಚೌಕಗಳ ಹಲಗೆಯ ಮೇಲಿಟ್ಟರೆ ಆಯಿತು. ಹೊಸಬರಿಗೆ ಒಗಟುಗಳಿವೆ. ಆದರೆ ಇದರ ಸತ್ವ ಗೊತ್ತಾಗುವುದು ಖಾಲಿ ಹಲಗೆಯಲ್ಲಿ.

ಅಲ್ಲಿ ಮಾಕ್-ಜೆಂಡರ್ ಜೋಡಣೆ ಕಟ್ಟಿ ನೋಡಿ; ಬೆಳಕನ್ನು ಎರಡು ದಾರಿಗೆ ಸೀಳಿ ಮತ್ತೆ ಕೂಡಿಸುವ ಏರ್ಪಾಡು ಅದು. ಬೇಕಾದದ್ದು ಒಂದು ಲೇಸರ್, ಎರಡು ಸ್ಪ್ಲಿಟರ್, ಎರಡು ಕನ್ನಡಿ, ಎರಡು ಡಿಟೆಕ್ಟರ್. ಆಯತದ ಎದುರುಬದುರು ಮೂಲೆಗಳಲ್ಲಿ ಸ್ಪ್ಲಿಟರ್, ಉಳಿದೆರಡರಲ್ಲಿ ಕನ್ನಡಿ; ನಾಲ್ಕೂ ಒಂದೇ ಕಡೆಗೆ 45 ಡಿಗ್ರಿ ವಾಲಿರಲಿ. ಒಂದು ಕನ್ನಡಿ ತಿರುವುಮುರುವಾದರೂ ಅರ್ಧದಷ್ಟು ಸಲ ಫೋಟಾನ್ ಹಲಗೆಯಾಚೆ ಹೋಗುತ್ತದೆ. ಸರಿಯಾಗಿದ್ದರೆ 100ಕ್ಕೆ 100 ಒಂದೇ ಡಿಟೆಕ್ಟರ್ ಸೇರುತ್ತದೆ. ಇನ್ನೊಂದಕ್ಕೆ ಒಂದು ದಾರಿಯಿಂದ +½, ಮತ್ತೊಂದರಿಂದ −½ ಆಂಪ್ಲಿಟ್ಯೂಡ್ (ವರ್ಗ ಮಾಡಿದರೆ ಸಂಭವನೀಯತೆ ಕೊಡುವ ಸಂಖ್ಯೆ) ಬಂದು ವಜಾ ಆಗುತ್ತದೆ.

ಈಗ ಒಂದು ದಾರಿಗೆ ಬೆಳಕು ಹೀರುವ ತಡೆ ಇಡಿ. ಅರ್ಧ ಅಲ್ಲೇ ಮುಗಿಯಿತು. ಉಳಿದದ್ದು ಡಿಟೆಕ್ಟರ್‌ಗಳಿಗೆ ನೂರಕ್ಕೆ 25, 25. ½ರ ವರ್ಗ ¼, ಅಷ್ಟೇ. ಆದರೆ ದಾರಿ ಮುಚ್ಚಿದ್ದಕ್ಕೆ ಸೊನ್ನೆಯಿದ್ದದ್ದು 25 ಆಯಿತಲ್ಲ, ಅದು ಯಾವ ದಾಳದಿಂದಲೂ ಆಗದ ಕೆಲಸ. 1993ರಲ್ಲಿ ಎಲಿಟ್ಜರ್ ಮತ್ತು ವೈಡ್‌ಮನ್ ಮುಂದಿಟ್ಟ ‘ಬಾಂಬ್ ಪರೀಕ್ಷೆ’ಯ, ಅಂದರೆ ದಾರಿಯಲ್ಲಿ ಬಾಂಬ್ ಇದೆಯೆಂದು ಫೋಟಾನ್ ತಾಗಿಸದೆಯೇ ತಿಳಿಯುವ ಉಪಾಯದ ತಿರುಳು ಇದೇ. ತಡೆಯ ಬದಲು ಗಾಜಿಟ್ಟು ಕಾಲು ತರಂಗ ಹಿಂದೆ ಬೀಳಿಸಿದರೆ 50-50. ಅರ್ಧ ತರಂಗವಾದರೆ ಪೂರ್ತಿ ಮತ್ತೊಂದು ಡಿಟೆಕ್ಟರ್‌ಗೆ.

ಬೆಂಗಳೂರಿನಲ್ಲಿ ಆಟ ಕಟ್ಟುವವರು ಇದರ ಎಂಜಿನ್ ಗಮನಿಸಬೇಕು. 13×10 ಮನೆಗಳ ಹಲಗೆ ಅಂದುಕೊಳ್ಳಿ: 130 ಜಾಗ, 4 ದಿಕ್ಕು, 2 ಧ್ರುವೀಕರಣ (ಬೆಳಕು ಕಂಪಿಸುವ ದಿಕ್ಕು), ಅಲ್ಲಿಗೆ ಒಂದು ಫೋಟಾನ್‌ಗೆ 1,040 ಸಾಧ್ಯತೆ. ಮೂರು ಫೋಟಾನ್ ಒಂದಕ್ಕೊಂದು ಹೆಣೆದುಕೊಂಡರೆ ಅದರ ಘನ, ಸುಮಾರು 112 ಕೋಟಿ. ಎಲ್ಲವನ್ನೂ ಅರೇಯಲ್ಲಿ (ಮೆಮೊರಿಯ ಪಟ್ಟಿಯಲ್ಲಿ) ತುಂಬಿಸಹೋದರೆ ಬ್ರೌಸರ್ ಅಲ್ಲೇ ಕುಸಿಯುತ್ತದೆ. ಇವರ ಟೈಪ್‌ಸ್ಕ್ರಿಪ್ಟ್ ಲೈಬ್ರರಿ ‘ಕ್ವಾಂಟಮ್ ಟೆನ್ಸರ್ಸ್’ ಸೊನ್ನೆಯಲ್ಲದವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅದು ಓಪನ್ ಸೋರ್ಸ್. ಹಾಗಿದ್ದೂ ಮಿತಿ ಮೂರೇ ಫೋಟಾನ್. ಪ್ರಾಮಾಣಿಕವಾಗಿ ಲೆಕ್ಕ ಹಾಕುವ ಆಟಕ್ಕೆ ಅದು ಕಡಿಮೆಯೇನಲ್ಲ.

ಒಂಟಿ ಫೋಟಾನ್ ಹಿಡಿಯುವ ಸಲಕರಣೆ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಂಥ ಕಡೆ ಇರುವುದೇ ಹೊರತು ಪಿಯು ಕಾಲೇಜಿನ ಲ್ಯಾಬ್‌ಗೆ ಎಟುಕುವಂಥದ್ದಲ್ಲ. ಅಲ್ಲಿಗೆ ಇದು ಹೇಳಿ ಮಾಡಿಸಿದಂತಿದೆ. ಕೊರತೆ ಎಂದರೆ ಕನ್ನಡದಲ್ಲಿಲ್ಲ; ಫೋನಿನ ಪರದೆಯೂ ಇಕ್ಕಟ್ಟು. ಪಾಠಕ್ಕೆ ಬಳಸುವವರು ಪ್ರೊಜೆಕ್ಟರ್‌ಗೆ ಹಾಕಿ, ತಡೆ ಇಡುವ ಮೊದಲೇ ಮಕ್ಕಳಿಂದ ಉತ್ತರ ಬರೆಸಿಕೊಳ್ಳಿ.