ಲೇಸರ್ ಟ್ರೇಸಿಂಗಾ, ಇಂಕ್‌ಜೆಟ್ ಫಿಲ್ಮಾ, ಬೆಂಗಳೂರಿನ ಪಾಸಿಟಿವಾ? ತುಮಕೂರಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಮಾಡಿ ನೋಡಿದ ಹೋಲಿಕೆ

ಸ್ಕ್ರೀನ್ ಪ್ರಿಂಟಿಂಗ್‌ಗೆ ಪಾಸಿಟಿವ್ ತೆಗೆಯಲು, ಅಂದರೆ ಬೆಳಕು ದಾಟುವ ಹಾಳೆಯ ಮೇಲೆ ಡಿಸೈನನ್ನು ಕಪ್ಪಿನಲ್ಲಿ ತೆಗೆಯಲು, ನಮ್ಮಂಥ ಚಿಕ್ಕ ಅಂಗಡಿಗಳಿಗೆ ಮೂರು ದಾರಿ ಇವೆ. ಅಂಗಡಿಯ ಲೇಸರ್ ಪ್ರಿಂಟರ್‌ಗೆ ಟ್ರೇಸಿಂಗ್ ಪೇಪರ್ ಹಾಕೋದು. ಟ್ಯಾಂಕ್ ಇರುವ ಇಂಕ್‌ಜೆಟ್ ಕೊಂಡು, ಅದಕ್ಕೆ ಅಂತಲೇ ಬರುವ ಕೋಟೆಡ್ ಫಿಲ್ಮ್ ಹಾಕೋದು. ಇಲ್ಲವೇ ಫೈಲನ್ನು ಬೆಂಗಳೂರಿಗೆ ಕಳಿಸಿ, ಇಮೇಜ್‌ಸೆಟರ್ ಅನ್ನೋ ಮೆಶಿನ್ನು ಲೇಸರ್ ಬೆಳಕಿನಿಂದ ಮೂಡಿಸುವ ಫೋಟೊ ಫಿಲ್ಮ್ ತರಿಸೋದು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಫೈಲ್ ಕಳಿಸಿದರೆ ಸಂಜೆ ಫಿಲ್ಮ್ ಕೈಗೆ ಬರುತ್ತದೆ ಅಂತ ಲೆಕ್ಕ. ಆ ಲೆಕ್ಕ ಯಾವಾಗಲೂ ಸರಿಹೋಗೋದಿಲ್ಲ ಅನ್ನೋದು ಬೇರೆ ಮಾತು.

ಮೂರಕ್ಕೂ ಒಂದೇ ಪುಟ ಕೊಟ್ಟು ನೋಡಿದೆ. ಎ4 ಅಳತೆಯ ಆ ಪುಟದಲ್ಲಿ ಮದುವೆ ಕಾರ್ಡಿನ ತಲೆಬರಹ ಇತ್ತು, ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ’, 8 ಪಾಯಿಂಟ್‌ನಲ್ಲಿ. ಪಕ್ಕದಲ್ಲಿ 10ರಿಂದ 90 ಪರ್ಸೆಂಟ್ ತನಕ ಹಾಫ್‌ಟೋನ್ ಪಟ್ಟಿ (ಬೂದು ಛಾಯೆಯನ್ನು ಸಣ್ಣ-ದೊಡ್ಡ ಡಾಟುಗಳಲ್ಲಿ ತೋರಿಸೋದು), ಒಂದು ದೊಡ್ಡ ಗಟ್ಟಿ ಕಪ್ಪು ಚೌಕ, 250 ಮಿಲಿಮೀಟರ್ ಉದ್ದದ ಒಂದು ಗೆರೆ, ನಾಲ್ಕು ಮೂಲೆಗೆ ಕ್ರಾಸ್ ಮಾರ್ಕ್. ಸ್ಕ್ರೀನಿಗೆ ಬಳಿಯುವ ಎಮಲ್ಷನ್ ಒಂದೇ (ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಪಾಸಿಟಿವ್‌ನ ಕಪ್ಪಿನ ಕೆಳಗಿನದು ನೀರಿಗೆ ಬಿಡುತ್ತದೆ), ಟ್ಯೂಬ್ ಲೈಟಿನ ಎಕ್ಸ್‌ಪೋಸಿಂಗ್ ಬಾಕ್ಸ್ ಒಂದೇ. ಅಕ್ಷರಕ್ಕೆ 120 ಟಿ ಮೆಶ್ (ಸೆಂಟಿಮೀಟರಿಗೆ 120 ಎಳೆಯ ಬಲೆ), ಹಾಫ್‌ಟೋನ್‌ಗೆ 90 ಟಿ.

ಫಲಿತಾಂಶಕ್ಕೆ ಹೋಗುವ ಮೊದಲು ಕಪ್ಪಿನ ವಿಷಯ ಹೇಳಲೇಬೇಕು. ಫಿಲ್ಮನ್ನು ಕಿಟಕಿಗೆ ಹಿಡಿದು ‘ಚೆನ್ನಾಗಿ ಕಪ್ಪಗಿದೆ’ ಅನ್ನುತ್ತೇವಲ್ಲ, ಅದು ಕಣ್ಣಿನ ಮಾತು. ಎಮಲ್ಷನ್ ಗಟ್ಟಿಯಾಗೋದು ನೇರಳೆಯ ಅಂಚಿನ, ಕಣ್ಣಿಗೆ ಸರಿಯಾಗಿ ಕಾಣದ ಬೆಳಕಿನಲ್ಲಿ. ಸುಮಾರು 350ರಿಂದ 420 ನ್ಯಾನೊಮೀಟರ್ ಒಳಗಿನದು. ಕಣ್ಣಿಗೆ ಕಪ್ಪಾಗಿ ಕಂಡಿದ್ದು ಆ ಬೆಳಕಿಗೆ ಕಪ್ಪೇ ಆಗಿರಬೇಕು ಅಂತೇನಿಲ್ಲ. ಕಪ್ಪಿನ ಗಾಢತೆಯ ಅಳತೆಗೆ ಡೆನ್ಸಿಟಿ ಅಂತಾರೆ. ಡೆನ್ಸಿಟಿ 2 ಅಂದರೆ ನೂರರಲ್ಲಿ ಒಂದು ಪಾಲು ಬೆಳಕು ದಾಟುತ್ತದೆ. 3 ಅಂದರೆ ಸಾವಿರದಲ್ಲಿ ಒಂದು. 4 ಅಂದರೆ ಹತ್ತು ಸಾವಿರದಲ್ಲಿ ಒಂದು. ತುಂತುರು ಮಳೆಗೆ ತೂತು ಕೊಡೆಯೂ ನಡೆಯುತ್ತದೆ, ಹೊತ್ತು ಹೆಚ್ಚಾದರೆ ತಾನೇ ಗೊತ್ತಾಗೋದು. ಕಪ್ಪು ಕಮ್ಮಿ ಇರುವ ಫಿಲ್ಮ್ ಇಟ್ಟಾಗ ಅಕ್ಷರದ ಜಾಗವೂ ಅರೆಬರೆ ಗಟ್ಟಿಯಾಗುತ್ತದೆ. ತೊಳೆಯುವ ಹುಡುಗ ‘ಅಣ್ಣಾ, ಎಷ್ಟು ನೀರು ಹೊಡೆದ್ರೂ ಓಪನ್ ಆಗ್ತಿಲ್ಲ’ ಅಂತಾನೆ. ಆಗ ನಾವು ಏನು ಮಾಡುತ್ತೇವೆ? ಎಕ್ಸ್‌ಪೋಸಿಂಗ್ ಟೈಮ್ ಇಳಿಸುತ್ತೇವೆ. ಅಕ್ಷರ ಬಿಡುತ್ತದೆ, ಆದರೆ ಉಳಿದ ಎಮಲ್ಷನ್ ಬೇಯದೆ ಉಳಿಯುತ್ತದೆ. ಇನ್ನೂರು ಬ್ಯಾಗ್ ಹೊಡೆಯೋ ಹೊತ್ತಿಗೆ ಪಿನ್‌ಹೋಲ್, ಅಂಚು ಕಿತ್ತುಕೊಳ್ಳೋದು. ಬೈಗುಳ ಎಮಲ್ಷನ್‌ಗೆ ಬೀಳುತ್ತದೆ, ತಪ್ಪು ಫಿಲ್ಮಿನದು.

ಹಾಗಾಗಿ ನಾನು ಹೋಲಿಸಿದ್ದು ಬರೀ ಬಣ್ಣವನ್ನಲ್ಲ. ಸರಿಯಾದ ಟೈಮಿಗಿಂತ ಎಷ್ಟು ಜಾಸ್ತಿ ಎಕ್ಸ್‌ಪೋಸ್ ಮಾಡಿದರೂ ಆ ಗಟ್ಟಿ ಚೌಕ ತೊಳೆದರೆ ಬಿಡುತ್ತದೆ ಅನ್ನೋದನ್ನು ನೋಡಿದೆ. ಇದಕ್ಕೆ ಡೆನ್ಸಿಟೋಮೀಟರ್ ಬೇಡ. ಫಿಲ್ಮ್ ಮೇಲೆ ರಟ್ಟು ಮುಚ್ಚಿ, ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರೆ ಒಂದೇ ಸ್ಕ್ರೀನಿನಲ್ಲಿ ಒಂದರಷ್ಟು, ಒಂದೂವರೆಯಷ್ಟು, ಎರಡರಷ್ಟು, ಮೂರರಷ್ಟು ಟೈಮ್ ಸಿಗುತ್ತದೆ. ಒಂದು ಎಚ್ಚರ. ಟ್ರೇಸಿಂಗ್ ಪೇಪರ್ ತಾನೇ ಒಂದಿಷ್ಟು ಬೆಳಕು ತಿನ್ನುತ್ತದೆ. ಅದರ ‘ಸರಿಯಾದ ಟೈಮ್’ ಫಿಲ್ಮಿನದಕ್ಕಿಂತ ಜಾಸ್ತಿ. ಪ್ರತಿಯೊಂದನ್ನೂ ಅದರದೇ ಟೈಮಿನಿಂದ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇಲ್ಲ.

ಲೇಸರ್‌ನಿಂದ ಶುರು ಮಾಡೋಣ. ಒಂದೇ ಹಾಳೆ ಇಟ್ಟರೆ ಒಂದೂವರೆ ಪಟ್ಟು ಟೈಮಿಗೇ ಚೌಕದ ನಡುಭಾಗ ಹಿಡಿದುಕೊಳ್ಳತೊಡಗಿತು. ಅಂಚು ಮಾತ್ರ ಚೆನ್ನಾಗಿ ಬಿಟ್ಟಿತು. ಲೇಸರ್‌ನ ಗುಣವೇ ಅದು, ದೊಡ್ಡ ಗಟ್ಟಿ ಜಾಗದಲ್ಲಿ ಟೋನರ್ ಅಂಚಿಗೆ ದಪ್ಪ, ನಡುವೆ ತೆಳು. ಮಸೂರ ಹಿಡಿದು ಬೆಳಕಿಗೆ ಇಟ್ಟರೆ ನಡುವೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಅಕ್ಷರದ ಸುತ್ತ ಟೋನರ್ ಧೂಳು ಉದುರಿದಂತೆ ಸಣ್ಣ ಚುಕ್ಕಿಗಳು. ‘ಲಕ್ಷ್ಮೀ’ಯ ‘ಕ್ಷ್ಮೀ’ ನೋಡಿ. ಕ ಕೆಳಗೆ ಷ ಒತ್ತು, ಅದರ ಪಕ್ಕ ಮ ಒತ್ತು. 8 ಪಾಯಿಂಟ್‌ನಲ್ಲಿ ಆ ಒತ್ತುಗಳ ಒಳಗಿನ ಬಿಳಿ ಒಂದು ಕೂದಲಿನಷ್ಟು. ಟೋನರ್ ಡೆನ್ಸಿಟಿಯನ್ನು ಮೇಲಿನ ತುದಿಗೆ ಏರಿಸಿದರೆ ಆ ಬಿಳಿ ಮುಚ್ಚಿಹೋಗುತ್ತದೆ. ಇಳಿಸಿದರೆ ಕಪ್ಪು ಸಾಲದು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸೆಟ್ಟಿಂಗ್ ಕನ್ನಡಕ್ಕೆ ಸಾಕಾಗೋದಿಲ್ಲ ಅನ್ನೋದು ಇಲ್ಲಿ ಕಾಣುತ್ತದೆ.

ಇದಕ್ಕೆ ಹಳೆಯ ಮದ್ದುಗಳಿವೆ. ಎರಡು ಟ್ರೇಸಿಂಗ್ ಒಂದರ ಮೇಲೊಂದು ಅಂಟಿಸೋದು. ಇಲ್ಲವೇ ಮುಚ್ಚಳ ಇರುವ ಡಬ್ಬಿಯಲ್ಲಿ ಸ್ವಲ್ಪ ಥಿನ್ನರ್ ಹಾಕಿ ಅದರ ಆವಿ ಹಿಡಿಸೋದು. ಟೋನರ್ ಕರಗಿ ಕೂತು ತೂತುಗಳು ಮುಚ್ಚುತ್ತವೆ, ಕಪ್ಪು ನಿಜವಾಗಿಯೂ ಏರುತ್ತದೆ. ಆದರೆ ಥಿನ್ನರ್ ವಾಸನೆ, ಬೆಂಕಿ ಭಯ. ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಸಾದಾ ಪೇಪರ್‌ಗೆ ಕೊಬ್ಬರಿ ಎಣ್ಣೆ ಸವರಿ ಪಾಸಿಟಿವ್ ಮಾಡುವವರೂ ಇದ್ದಾರೆ. ತೆಂಗಿನ ಜಿಲ್ಲೆ, ಎಣ್ಣೆಗೇನು ಬರ? ಆದರೆ ಆ ಎಣ್ಣೆ ಗ್ಲಾಸಿಗೂ ಎಮಲ್ಷನ್‌ಗೂ ಹತ್ತುತ್ತದೆ. ಅದನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ.

ಲೇಸರ್‌ನ ನಿಜವಾದ ತೊಂದರೆ ಅಳತೆ. ಟೋನರ್ ಅಂಟಿಸುವ ರೋಲರ್ ಸುಮಾರು 200 ಡಿಗ್ರಿ ಬಿಸಿ ಇರುತ್ತದೆ. ಟ್ರೇಸಿಂಗ್‌ನ ತೇವ ಹಾರಿ ಹಾಳೆ ಕುಗ್ಗುತ್ತದೆ. 250 ಮಿಲಿಮೀಟರ್ ಗೆರೆಯನ್ನು ಸ್ಟೀಲ್ ಸ್ಕೇಲ್ ಇಟ್ಟು ಅಳೆದರೆ ಅರ್ಧ ಮಿಲಿಮೀಟರ್ ಹತ್ತಿರ ಕಮ್ಮಿ ಬಂತು. ಎಲ್ಲ ಹಾಳೆಯೂ ಒಂದೇ ರೀತಿ ಕುಗ್ಗಿದ್ದರೆ ಚಿಂತೆ ಇರಲಿಲ್ಲ. ನಾಲ್ಕು ಬಣ್ಣದ ನಾಲ್ಕು ಹಾಳೆ ತೆಗೆದು ಒಂದು ಮೂಲೆಯ ಕ್ರಾಸ್ ಕೂಡಿಸಿದರೆ ಎದುರು ಮೂಲೆಯ ಕ್ರಾಸ್‌ಗಳು ಬೇರೆ ಬೇರೆ ಕಡೆ ಹೋದವು. ಖಾಲಿ ಟ್ರೇಸಿಂಗನ್ನು ಒಮ್ಮೆ ಸುಮ್ನೆ ಪ್ರಿಂಟರ್‌ನಲ್ಲಿ ಓಡಿಸಿ, ತಕ್ಷಣ ಅದರ ಮೇಲೇ ಪ್ರಿಂಟ್ ತೆಗೆದರೆ ಈ ತೊಂದರೆ ಬಹಳ ಕಮ್ಮಿಯಾಗುತ್ತದೆ. ಪೂರ್ತಿ ಹೋಗೋದಿಲ್ಲ. ಇನ್ನೊಂದು ಮಾತು, ಇಂಕ್‌ಜೆಟ್ ಫಿಲ್ಮನ್ನು ಅಪ್ಪಿತಪ್ಪಿಯೂ ಲೇಸರ್‌ಗೆ ಹಾಕಬೇಡಿ. ಕರಗಿ ರೋಲರ್‌ಗೆ ಸುತ್ತಿಕೊಂಡರೆ ಪ್ರಿಂಟರೇ ಹೋಯಿತು.

ಇನ್ನು ಇಂಕ್‌ಜೆಟ್. ಡಬ್ಬಿ ಬಿಚ್ಚಿ, ಪ್ರಿಂಟರ್ ಜೊತೆ ಬಂದ ಡ್ರೈವರ್‌ನಲ್ಲೇ ಫಿಲ್ಮ್ ತೆಗೆದರೆ ಅದು ನನ್ನ ಲೇಸರ್‌ಗಿಂತ ಕಳಪೆ. ಹೌದು, ಕಳಪೆ. ಡ್ರೈವರ್ ಫೋಟೊಗೆ ಅಂತ ಮಾಡಿದ್ದು. ಎಷ್ಟು ಇಂಕ್ ಸುರಿಯಬೇಕು ಅನ್ನೋದನ್ನು ‘ಯಾವ ಪೇಪರ್’ ಅನ್ನೋ ಸೆಟ್ಟಿಂಗ್ ನೋಡಿ ತಾನೇ ತೀರ್ಮಾನಿಸುತ್ತದೆ. ಬೂದು ಬಣ್ಣ ಕೇಳಿದರೆ ಹಾಫ್‌ಟೋನ್ ಡಾಟ್ ಬದಲು ತನ್ನದೇ ರೀತಿಯ ಚದುರಿದ ಚುಕ್ಕಿ ಹಾಕುತ್ತದೆ. ಮೆಶ್ ಅದನ್ನು ಹಿಡಿಯೋದಿಲ್ಲ. ಇಂಕ್‌ಜೆಟ್ ಕೊಳ್ಳುವವರು ಡ್ರೈವರ್ ಬದಲು ಬಳಸುವ ರಿಪ್ ಸಾಫ್ಟ್‌ವೇರ್‌ನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ರಿಪ್ ಇದ್ದರೆ ಡಾಟಿನ ಆಕಾರ, ಕೋನ, ಇಂಕ್ ಪ್ರಮಾಣ ಎಲ್ಲವೂ ನಮ್ಮ ಕೈಯಲ್ಲಿ.

ಇಂಕ್ ಪ್ರಮಾಣವೇ ಇಲ್ಲಿ ಮೊದಲ ಪಾಠ. ಕಪ್ಪು ಬರಲಿ ಅಂತ ಪೂರ್ತಿ ಏರಿಸಿದರೆ ಫಿಲ್ಮ್ ಒದ್ದೆ ಒದ್ದೆ ಬರುತ್ತದೆ. ಮಳೆಗಾಲದಲ್ಲಂತೂ ಅರ್ಧ ಗಂಟೆಯಾದರೂ ಬೆರಳಿಗೆ ಹತ್ತುತ್ತದೆ, ಎಮಲ್ಷನ್‌ಗೂ ಅಂಟುತ್ತದೆ. ಡಾಟುಗಳು ಹರಡಿ 70ರ ಪಟ್ಟಿ 90 ಆಗಿರುತ್ತದೆ. ಮೊದಲು ಇಂಕನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬಂದು, ಚೌಕ ಮೂರು ಪಟ್ಟು ಟೈಮಿಗೂ ತೊಳೆದು ಬಿಡುವ ಕನಿಷ್ಠ ಪ್ರಮಾಣ ಎಲ್ಲಿದೆ ನೋಡಿಕೊಂಡೆ. ಅಲ್ಲೇ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿ ಹಾಕಿದ ಇಂಕ್ ದಂಡ.

ಎರಡನೆಯದು ಡಾಟಿನ ಲೆಕ್ಕ ಸರಿಮಾಡೋದು. 50 ಕೇಳಿದರೆ ಫಿಲ್ಮಿನಲ್ಲಿ 50 ಬರಬೇಕು. ಅಳೆಯುವ ಮೀಟರ್ ದುಬಾರಿ. ನಾನು ಸಾದಾ ಫ್ಲಾಟ್‌ಬೆಡ್ ಸ್ಕ್ಯಾನರ್ ಬಳಸಿದೆ. ಫಿಲ್ಮಿನ ಹಿಂದೆ ಬಿಳಿ ಹಾಳೆ ಇಟ್ಟು 1200 ಡಿಪಿಐನಲ್ಲಿ ಸ್ಕ್ಯಾನ್, ಫೋಟೊಶಾಪ್‌ನಲ್ಲಿ ಥ್ರೆಶೋಲ್ಡ್ ಹಾಕಿ ಬರೀ ಕಪ್ಪು-ಬಿಳುಪು, ಆಮೇಲೆ ಒಂದೊಂದು ಪಟ್ಟಿ ಸೆಲೆಕ್ಟ್ ಮಾಡಿ ಹಿಸ್ಟೊಗ್ರಾಮ್‌ನ ಮೀನ್ (ಸರಾಸರಿ) ನೋಡೋದು. 255ರಲ್ಲಿ ಅದನ್ನು ಕಳೆದು, 255ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪರ್ಸೆಂಟ್ ಸಿಕ್ಕಿತು. ಮೀನ್ 94 ಇದ್ದರೆ 63 ಪರ್ಸೆಂಟ್. ಈ ವಿಧಾನ ಕಪ್ಪಿನ ಗಾಢತೆ ಹೇಳೋದಿಲ್ಲ, ಡಾಟಿನ ಅಗಲ ಮಾತ್ರ ಹೇಳುತ್ತದೆ. ನಮಗೆ ಬೇಕಾದ್ದೂ ಅಷ್ಟೇ, ಗಾಢತೆಯನ್ನು ರಟ್ಟಿನ ಪರೀಕ್ಷೆ ಆಗಲೇ ಹೇಳಿದೆ.

ಇಂಕ್ ಪೂರ್ತಿ ಇದ್ದಾಗ 50ರ ಪಟ್ಟಿ 71 ಓದಿತು. ಇಂಕ್ ಇಳಿಸಿದ ಮೇಲೆ 58. ಆ ಓದಿದ ಅಂಕಿಗಳನ್ನು ರಿಪ್‌ನ ಟೇಬಲ್‌ಗೆ ತುಂಬಿ, ಮತ್ತೆ ತೆಗೆದು, ಮತ್ತೆ ತಿದ್ದಿದಾಗ 51ಕ್ಕೆ ಬಂದು ನಿಂತಿತು. ಈ ಎರಡು ಕೆಲಸದ ಕ್ರಮ ಅದಲುಬದಲು ಆಗಬಾರದು. ಡಾಟು ತಿದ್ದುವ ಈ ಟೇಬಲ್‌ಗೇ ಕರ್ವ್ ಅನ್ನೋದು. ಕರ್ವ್ ಮಾಡಿದ ಮೇಲೆ ಇಂಕ್ ಮುಟ್ಟಿದರೆ ಕರ್ವ್ ಕೆಟ್ಟಿತು ಅಂತಲೇ ಅರ್ಥ. ಟೀಶರ್ಟ್ ಮೇಲೆ ಬಣ್ಣ ಹರಡುತ್ತದಲ್ಲ, ಅದನ್ನೂ ಇದೇ ಕರ್ವ್‌ನಲ್ಲಿ ತುರುಕುವವರಿದ್ದಾರೆ. ಬೇಡ. ಫಿಲ್ಮಿನ ಲೆಕ್ಕ ಬೇರೆ, ಬಟ್ಟೆಯ ಲೆಕ್ಕ ಬೇರೆ. ನಾಳೆ ಬಟ್ಟೆ ಬದಲಾದರೆ ಪ್ರಿಂಟರನ್ನು ಯಾಕೆ ಬಿಚ್ಚಬೇಕು?

ಇದೇ ಕೆಲಸ ಲೇಸರ್‌ಗೂ ಮಾಡಬಹುದು ಅನ್ನೋದು ಬಹಳ ಜನಕ್ಕೆ ಹೊಳೆಯೋದಿಲ್ಲ. ನನ್ನ ಲೇಸರ್‌ನಲ್ಲಿ 50ರ ಪಟ್ಟಿ 63 ಬಂತು, 80ರ ಪಟ್ಟಿ ಮುಚ್ಚಿಯೇ ಹೋಗಿತ್ತು. ಪೋಸ್ಟ್‌ಸ್ಕ್ರಿಪ್ಟ್ ಇಲ್ಲದ ಪ್ರಿಂಟರ್ ಆದರೆ ಕೋರೆಲ್‌ಡ್ರಾದಿಂದ ಹಾಫ್‌ಟೋನ್ ಸೆಟ್ಟಿಂಗ್ ಕೊಡಲು ಆಗೋದಿಲ್ಲ. ದಾರಿ ಇದೆ. ಫೋಟೊಶಾಪ್‌ನಲ್ಲಿ ಗ್ರೇಸ್ಕೇಲ್ ಚಿತ್ರಕ್ಕೆ ಮೊದಲು ಕರ್ವ್ಸ್ ಹಾಕಿ 50ನ್ನು 38ರ ಹತ್ತಿರಕ್ಕೆ ಇಳಿಸಿ. ಆಮೇಲೆ ಬಿಟ್‌ಮ್ಯಾಪ್ ಮೋಡ್, ಹಾಫ್‌ಟೋನ್ ಸ್ಕ್ರೀನ್, 600 ಡಿಪಿಐ, 45 ಎಲ್‌ಪಿಐ (ಇಂಚಿಗೆ 45 ಸಾಲು ಡಾಟು), ಕೋನ 22.5. 90 ಟಿ ಮೆಶ್‌ನಲ್ಲಿ ಇಂಚಿಗೆ 229 ಎಳೆ, ಐದರಿಂದ ಭಾಗಿಸಿದರೆ 45ರ ಸುತ್ತ. ಅಲ್ಲಿಂದ ಬಂದ ಅಂಕಿ ಅದು. ಆಸೆಪಟ್ಟು 65 ಎಲ್‌ಪಿಐ ಕೇಳಬೇಡಿ. 600 ಡಿಪಿಐ ಲೇಸರ್‌ನಲ್ಲಿ 45ಕ್ಕೆ 170ರ ಆಸುಪಾಸು ಛಾಯೆ ಸಿಗುತ್ತದೆ, 65ಕ್ಕೆ ಅದರ ಅರ್ಧದಷ್ಟೇ. ಮುಖದ ಫೋಟೊ ಆದರೆ ಕೆನ್ನೆಯ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ. ಹೀಗೆ ಸರಿಮಾಡಿದ ಲೇಸರ್ ಟ್ರೇಸಿಂಗ್‌ನಿಂದ ಬಂದ ಒಂದು ಬಣ್ಣದ ಮುಖದ ಚಿತ್ರ, ಸರಿಮಾಡದ ಇಂಕ್‌ಜೆಟ್ ಫಿಲ್ಮಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಇಡೀ ಹೋಲಿಕೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ವಿಷಯ ಇದೇ.

ಬೆಂಗಳೂರಿನ ಫಿಲ್ಮ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದು ಚೆನ್ನಾಗಿಯೇ ಇರುತ್ತದೆ. ಬೆಳ್ಳಿ ಲವಣದ ಫಿಲ್ಮ್, ಡೆನ್ಸಿಟಿ 4ರ ಹತ್ತಿರ. ಒತ್ತಿನ ಒಳಗಿನ ಬಿಳಿ ಬ್ಲೇಡಿನಲ್ಲಿ ಕೊಯ್ದಂತೆ. 50 ಕೇಳಿದರೆ 50. ಎಕ್ಸ್‌ಪೋಸಿಂಗ್ ಎಷ್ಟು ಏರಿಸಿದರೂ ಚೌಕ ತೊಳೆದುಹೋಯಿತು, ಕೊನೆಗೆ ನಾನೇ ಸಾಕು ಅಂತ ಬಿಟ್ಟೆ. ತೊಂದರೆ ಇರೋದು ಬೇರೆ ಕಡೆ. ಆಫ್‌ಸೆಟ್‌ನವರು ನೇರವಾಗಿ ಪ್ಲೇಟ್ ಮಾಡುವ ಸಿಟಿಪಿಗೆ ಹೋದ ಮೇಲೆ ಫಿಲ್ಮ್ ತೆಗೆಯುವ ಜಾಗಗಳು ಕಮ್ಮಿಯಾದವು. ಅಳತೆಯ ಮೇಲೆ ದುಡ್ಡು. ಗಿರಾಕಿ ಸಂಜೆ ಬಂದು ‘ಸರ್, ಮುಹೂರ್ತದ ಟೈಮ್ ಒಂದು ಬದಲಾಯಿಸಿಬಿಡಿ’ ಅಂದರೆ ಮತ್ತೆ ಫೈಲ್, ಮತ್ತೆ ಬಸ್ಸು. ಒಮ್ಮೆ ನುಡಿ ಫಾಂಟ್ ಕರ್ವ್ ಮಾಡಿ (ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿ) ಕಳಿಸಿ ಅಂತ ಅವರು, ಮಾಡಿದ್ದೇವೆ ಅಂತ ನಾವು, ಅದರಲ್ಲೇ ಮಧ್ಯಾಹ್ನ ಕಳೆಯಿತು.

ಈಗ ನಮ್ಮಲ್ಲಿ ಮದುವೆ ಕಾರ್ಡ್, ವಿಸಿಟಿಂಗ್ ಕಾರ್ಡ್, ಜಾತ್ರೆಯ ಬ್ಯಾಗ್‌ನಂಥ ಒಂದು ಬಣ್ಣದ ಕೆಲಸ ಎಲ್ಲ ಲೇಸರ್ ಟ್ರೇಸಿಂಗ್‌ನಲ್ಲೇ. 8 ಪಾಯಿಂಟ್‌ನ ಒತ್ತಕ್ಷರ ಇದ್ದರೆ ಟೋನರ್ ಡೆನ್ಸಿಟಿಯನ್ನು ನಡುಮಟ್ಟಕ್ಕೆ ಇಳಿಸಿ, ಆವಿ ಹಿಡಿಸುತ್ತೇವೆ. ಕಾಲೇಜು ಹುಡುಗರ ಟೀಶರ್ಟ್, ಎರಡು ಬಣ್ಣಕ್ಕಿಂತ ಜಾಸ್ತಿ ಇದ್ದದ್ದು, ಎ3 ಅಳತೆಯದು ಇಂಕ್‌ಜೆಟ್‌ಗೆ. ಬಿಸಿಲಿನಲ್ಲಿ ಎಕ್ಸ್‌ಪೋಸ್ ಮಾಡುವವರಿಗೂ ನಾನು ಇಂಕ್‌ಜೆಟ್ಟನ್ನೇ ಹೇಳುತ್ತೇನೆ. ಮೋಡ ಬಂದು ಹೋದಂತೆ ಟೈಮ್ ಏರುಪೇರಾಗುವಾಗ ತಡೆದುಕೊಳ್ಳುವ ಫಿಲ್ಮ್ ಬೇಕು. ಬೆಂಗಳೂರಿಗೆ ಕಳಿಸೋದು ಕಾರ್ಖಾನೆಯವರ ಪ್ಯಾನಲ್ ಸ್ಟಿಕ್ಕರ್‌ನಂಥ ಕೂದಲೆಳೆ ಗೆರೆಯ ಕೆಲಸ ಮಾತ್ರ. ಅವರು ಅಳೆದು ನೋಡುತ್ತಾರೆ.

ಟೋನರ್ ರೀಫಿಲ್ ಮಾಡಿಸಿದಾಗ, ಇಂಕ್ ಅಥವಾ ಫಿಲ್ಮಿನ ಕಂಪನಿ ಬದಲಾದಾಗ ಪಟ್ಟಿಯನ್ನು ಮತ್ತೆ ತೆಗೆದು ಸ್ಕ್ಯಾನ್ ಮಾಡುತ್ತೇವೆ. ರೀಫಿಲ್ ಟೋನರ್ ಒಂದೊಂದು ಸಲ ಒಂದೊಂದು ಥರ. ಇಂಕ್‌ಜೆಟ್‌ನಲ್ಲಿ ದಿನದ ಮೊದಲ ಫಿಲ್ಮಿಗೆ ಮುಂಚೆ ನಾಝಲ್ ಚೆಕ್. ಒಂದು ನಾಝಲ್ ಕಟ್ಟಿದ್ದರೂ ಗಟ್ಟಿ ಜಾಗದಲ್ಲಿ ಕೂದಲಿನಷ್ಟು ಬಿಳಿ ಗೆರೆ ಉಳಿಯುತ್ತದೆ. ಅದು ಫಿಲ್ಮಿನಲ್ಲಿ ಕಾಣೋದಿಲ್ಲ, ಸ್ಕ್ರೀನ್ ತೊಳೆದ ಮೇಲೆ ಕಾಣುತ್ತದೆ.