ಒಂಬತ್ತು ಡಿಸ್ಕುಗಳ ಪೆಟ್ಟಿಗೆ: ಕಾರವಾರದ ಮಳೆಗಾಲದಲ್ಲಿ ಸ್ಟಾರ್ ವಾರ್ಸ್

ಜೂನ್ ತಿಂಗಳಲ್ಲಿ ಕಾರವಾರಕ್ಕೆ ಮಳೆ ಹಿಡಿಯಿತೆಂದರೆ ಇಂಟರ್ನೆಟ್ಟನ್ನು ನಂಬಿ ಸಿನಿಮಾ ನೋಡಲು ಕೂರುವಂತಿಲ್ಲ. ಗಾಳಿಗೆ ಎಲ್ಲಿಯೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಕರೆಂಟು ಬಂದ ಮೇಲೂ ನೆಟ್‌ವರ್ಕ್ ಬರಲು ಮತ್ತೊಂದು ದಿನ ಕಾಯಬೇಕಾಗುತ್ತದೆ. ಇನ್ವರ್ಟರ್ ಇದ್ದವರ ಮನೆಯಲ್ಲಿ ಟಿವಿಯೂ ಡಿಸ್ಕ್ ಪ್ಲೇಯರೂ ಎರಡು ಮೂರು ಗಂಟೆ ನಡೆಯುತ್ತವೆ. ಒಂದು ಚಿತ್ರ ಮುಗಿಸಲು ಅಷ್ಟು ಸಾಕು. ನಮ್ಮ ಮನೆಯಲ್ಲಿ ಡಿಸ್ಕುಗಳು ಇನ್ನೂ ಉಳಿದುಕೊಂಡಿರುವುದಕ್ಕೆ ಇದೇ ಕಾರಣ. ಈ ಮಳೆಗಾಲದಲ್ಲಿ ಶಿರಸಿಯಿಂದ ಬಂದಿದ್ದ ಅಕ್ಕನ ಮಗನನ್ನೂ ಆಯಿಯನ್ನೂ ಕೂರಿಸಿಕೊಂಡು ನಾನು ನೋಡಿದ್ದು ಬಾಹ್ಯಾಕಾಶದ ಸಾಹಸಕಥೆಯಾದ ಸ್ಟಾರ್ ವಾರ್ಸ್ ಚಿತ್ರಮಾಲೆಯ, 2011ರಲ್ಲಿ ಹೊರಬಂದ ಬ್ಲೂ-ರೇ ಸಂಪುಟವನ್ನು. ‘ದಿ ಕಂಪ್ಲೀಟ್ ಸಾಗಾ’ ಎಂಬ ಹೆಸರಿನ ಈ ಪೆಟ್ಟಿಗೆಯಲ್ಲಿ ಒಂಬತ್ತು ಡಿಸ್ಕುಗಳಿವೆ. 1977, 1980 ಮತ್ತು 1983ರ ಹಳೆಯ ಮೂರು ಚಿತ್ರಗಳು, 1999, 2002 ಮತ್ತು 2005ರಲ್ಲಿ ಬಂದ ಪೂರ್ವಕಥೆಯ ಮೂರು ಚಿತ್ರಗಳು, ಉಳಿದ ಮೂರು ಡಿಸ್ಕುಗಳಲ್ಲಿ ಕೈಬಿಟ್ಟ ದೃಶ್ಯಗಳು, ಸಂದರ್ಶನಗಳು ಮತ್ತು ತಯಾರಿಯ ವಿವರಗಳು. 2015ರಿಂದ ಈಚೆಗೆ ಬಂದ ಚಿತ್ರಗಳು ಇದರಲ್ಲಿ ಇರಲು ಸಾಧ್ಯವಿಲ್ಲ. ನಾನು ಇಲ್ಲಿ ಮುಖ್ಯವಾಗಿ ಬರೆಯುವುದು ಹಳೆಯ ಮೂರರ ಬಗ್ಗೆ, ಏಕೆಂದರೆ ಈ ಪೆಟ್ಟಿಗೆಯನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ನಿಲ್ಲುವುದೂ ಅವುಗಳ ಮೇಲೆಯೇ.

ಮೊದಲು ಚಿತ್ರದ ಸ್ಪಷ್ಟತೆಯ ವಿಚಾರ. ಹಳೆಯ ಟಿವಿಯಲ್ಲಿ, ಆಮೇಲೆ ಡಿವಿಡಿಯಲ್ಲಿ ಇಷ್ಟು ವರ್ಷ ನೋಡಿದ್ದರೂ ನನ್ನ ಕಣ್ಣಿಗೆ ಬೀಳದಿದ್ದ ಒಂದು ಸಂಗತಿಯನ್ನು ಒಂಬತ್ತನೆಯ ತರಗತಿಯ ಹುಡುಗ ಮೊದಲ ರಾತ್ರಿಯೇ ಕಂಡುಹಿಡಿದ. ಸಿ-ತ್ರೀಪಿಓ ಎಂಬ ಚಿನ್ನದ ಬಣ್ಣದ ಯಂತ್ರಮಾನವನ ಬಲಗಾಲು ಮೊಣಕಾಲಿನಿಂದ ಕೆಳಗೆ ಚಿನ್ನದ ಬಣ್ಣದ್ದಲ್ಲ, ಬೆಳ್ಳಿಯ ಬಣ್ಣದ್ದು. ಎಂದೋ ಆ ಭಾಗ ಕೆಟ್ಟಿರಬೇಕು, ಯಾರೋ ಸಿಕ್ಕಿದ ಬೇರೆ ಭಾಗವನ್ನು ತಂದು ಜೋಡಿಸಿರಬೇಕು. ಚಿತ್ರದಲ್ಲಿ ಯಾರೂ ಇದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಮೈಯೆಲ್ಲ ಎಣ್ಣೆ ಮತ್ತು ಧೂಳಿನ ಕಲೆ, ಕಾಲಿಗೆ ಬೇರೆ ಬಣ್ಣ. ಈ ಯಂತ್ರಮಾನವನನ್ನು ಕೊಳ್ಳುವ ದೃಶ್ಯದಲ್ಲಿ ಕಥಾನಾಯಕ ಲ್ಯೂಕ್‌ನ ಚಿಕ್ಕಪ್ಪ ಜೊತೆಗೆ ಕೊಂಡುಕೊಂಡ ಇನ್ನೊಂದು ಯಂತ್ರ ನಾಲ್ಕು ಹೆಜ್ಜೆ ಉರುಳುವುದರೊಳಗೆ ತಲೆಯಿಂದ ಹೊಗೆ ಬಿಟ್ಟು ನಿಲ್ಲುತ್ತದೆ. ನಂಬಿ ತಂದ ಹಳೆಯ ಪಂಪ್‌ಸೆಟ್ಟು ತೋಟದಲ್ಲಿ ಕೈಕೊಟ್ಟ ಅನುಭವ ಇರುವ ಯಾರಿಗೂ ಆ ಚಿಕ್ಕಪ್ಪನ ಮುಖ ಚೆನ್ನಾಗಿ ಅರ್ಥವಾಗುತ್ತದೆ.

ಈ ಚಿತ್ರಗಳು ಸುಮಾರು ಐವತ್ತು ವರ್ಷ ಬಾಳಿದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ. ಅದಕ್ಕೆ ಹಿಂದೆ ಬಂದ ಬಹುಪಾಲು ಬಾಹ್ಯಾಕಾಶದ ಚಿತ್ರಗಳಲ್ಲಿ ಎಲ್ಲವೂ ಆಗತಾನೆ ಕಾರ್ಖಾನೆಯಿಂದ ಇಳಿದಂತೆ ಹೊಳೆಯುತ್ತಿದ್ದವು. ಇವುಗಳ ಸೃಷ್ಟಿಕರ್ತ ಜಾರ್ಜ್ ಲ್ಯೂಕಸ್ ಮಾತ್ರ ಬಳಸಿ ಸವೆದ ಲೋಕವೊಂದನ್ನು ಕಟ್ಟಿದರು. ನಮ್ಮ ಬೈತಖೋಲ ಬಂದರಿಗೆ ಈಗ ಹೋದರೆ ಅಂಥ ಲೋಕ ಕಣ್ಣೆದುರೇ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳೆಲ್ಲ ಸಾಲಾಗಿ ನಿಂತಿವೆ. ಒಂದರ ಮೈಗೆ ಮೂರು ಕಾಲದ ಮೂರು ಬಣ್ಣ, ಇನ್ನೊಂದರ ಇಂಜಿನ್ನಿಗೆ ಬೇರೆಲ್ಲಿಂದಲೋ ತಂದು ಬೆಸುಗೆ ಹಾಕಿದ ಪೈಪು, ಎಲ್ಲೆಲ್ಲೂ ಡೀಸೆಲ್ ಕಪ್ಪು ಮತ್ತು ತುಕ್ಕು. ಲ್ಯೂಕ್‌ನ ಜೊತೆಗಾರ ಹ್ಯಾನ್ ಸೋಲೋನ ಅಂತರಿಕ್ಷ ನೌಕೆ ಮಿಲೇನಿಯಂ ಫಾಲ್ಕನ್ ಇಂಥದೇ ಒಂದು ಬೋಟು. ಅದು ಹೊರಡಬೇಕಾದಾಗ ಹೊರಡುವುದಿಲ್ಲ, ಅವನು ಪ್ಯಾನಲ್ ಬಿಚ್ಚಿ ಒಳಗೆ ಕೈ ಹಾಕುತ್ತಾನೆ, ಬಯ್ಯುತ್ತಾನೆ, ಗುದ್ದುತ್ತಾನೆ, ಆದರೆ ಬೇರೆಯವರು ಅದನ್ನು ಹೀಗಳೆದರೆ ಸಹಿಸುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಟ್ಯಾಗೋರ್ ಕಡಲತೀರದ ಐಎನ್‌ಎಸ್ ಚಾಪೆಲ್ ಯುದ್ಧನೌಕೆ ಸಂಗ್ರಹಾಲಯದೊಳಗೆ ಈ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಬಗ್ಗಿ ನಡೆಯಬೇಕಾದ ಓಣಿ, ಗೋಡೆಯುದ್ದಕ್ಕೂ ಓಡುವ ಪೈಪುಗಳು, ಕೈ ತಾಗಿ ತಾಗಿ ಬಣ್ಣ ಹೋದ ಹಿಡಿಕೆಗಳು. ಮೊದಲ ರಾತ್ರಿ ಫಾಲ್ಕನ್ನಿನ ಒಳಭಾಗ ತೆರೆಯ ಮೇಲೆ ಬಂದ ಕೂಡಲೇ ಅವನು, ‘ಮಾವ, ಇದು ಬೀಚಲ್ಲಿ ನೋಡಿದ ಹಡಗು ಇದ್ದಂಗೇ ಇದ್ದು’ ಎಂದ.

ಅವನ ಮಾತು ಕೇವಲ ಭಾವನೆಯದ್ದಲ್ಲ, ಕುಶಲಕೆಲಸದ ದೃಷ್ಟಿಯಿಂದಲೂ ಸರಿಯಾಗಿದೆ. ಈ ಚಿತ್ರಕ್ಕಾಗಿಯೇ 1975ರಲ್ಲಿ ಲ್ಯೂಕಸ್ ಹುಟ್ಟುಹಾಕಿದ ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಸಂಸ್ಥೆಯ ಕುಶಲಕರ್ಮಿಗಳು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನ, ಹಡಗುಗಳ ಪ್ಲಾಸ್ಟಿಕ್ ಮಾದರಿಗಳನ್ನು ತಂದು ಒಡೆದು, ಅವುಗಳ ಚೂರುಗಳನ್ನೇ ತಮ್ಮ ಅಂತರಿಕ್ಷ ನೌಕೆಗಳ ಮೈಗೆ ಅಂಟಿಸಿದರು. ನಿಜವಾದ ಯಂತ್ರಗಳ ಆಕಾರ ಆ ಚೂರುಗಳಲ್ಲಿ ಇದ್ದುದರಿಂದಲೇ ನೋಡುವವರಿಗೆ ಅದು ನಿಜವೆನ್ನಿಸುತ್ತದೆ. ಜಾನ್ ಡೈಕ್‌ಸ್ಟ್ರಾ ಅವರ ತಂಡ ಕಂಪ್ಯೂಟರ್ ನಿಯಂತ್ರಣದಲ್ಲಿ ಒಂದೇ ದಾರಿಯಲ್ಲಿ ಎಷ್ಟು ಸಲ ಬೇಕಾದರೂ ಕೂದಲೆಳೆಯಷ್ಟೂ ತಪ್ಪದೆ ಚಲಿಸುವ ಕ್ಯಾಮೆರಾವನ್ನು ರೂಪಿಸಿತು. ಹಾರುವಂತೆ ಕಾಣುವ ನೌಕೆ ಬಹುಪಾಲು ನಿಂತಲ್ಲೇ ನಿಂತಿರುತ್ತದೆ, ಹಾರುವುದು ಕ್ಯಾಮೆರಾ. ನೌಕೆಯನ್ನು ಒಮ್ಮೆ, ಅದರ ಇಂಜಿನ್ನಿನ ಬೆಳಕನ್ನು ಇನ್ನೊಮ್ಮೆ, ನಕ್ಷತ್ರಗಳನ್ನು ಮತ್ತೊಮ್ಮೆ ಚಿತ್ರಿಸಿ ಎಲ್ಲವನ್ನೂ ಒಂದೇ ಫಿಲ್ಮಿನ ಮೇಲೆ ಕೂಡಿಸುತ್ತಿದ್ದರು. ಬ್ಲೂ-ರೇಯ ತೀಕ್ಷ್ಣತೆ ಈ ಕೆಲಸದ ಬಂಡವಾಳವನ್ನು ಬಯಲು ಮಾಡಬಹುದೆಂಬ ಅಳುಕು ನನಗಿತ್ತು. ಆದದ್ದು ಅದಕ್ಕೆ ವಿರುದ್ಧ. ಚಿತ್ರದ ಆರಂಭದಲ್ಲಿ ತಲೆಯ ಮೇಲಿಂದ ಮುಗಿಯದೆ ಮುಗಿಯದೆ ಸಾಗುವ ಆ ದೈತ್ಯ ಹಡಗಿನ ಹೊಟ್ಟೆಯ ಮೇಲೆ ಕಣ್ಣಾಡಿಸಿದಷ್ಟೂ ಹೊಸ ಹೊಸ ಕೆತ್ತನೆಗಳು ಕಾಣುತ್ತವೆ.

ಧ್ವನಿಗೆ ನಾನು ಇನ್ನೂ ಹೆಚ್ಚಿನ ಅಂಕ ಕೊಡುತ್ತೇನೆ. ಧ್ವನಿವಿನ್ಯಾಸ ಮಾಡಿದ ಬೆನ್ ಬರ್ಟ್ ಲೋಕದಲ್ಲಿ ಇದ್ದ ಸದ್ದುಗಳನ್ನೇ ಹೆಕ್ಕಿ ಇಲ್ಲದ ಲೋಕಕ್ಕೆ ಕೊಟ್ಟರು. ಬೆಳಕಿನ ಖಡ್ಗದ ಗುಂಯ್‌ಗುಡುವಿಕೆ ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರಿನ ಸದ್ದಿಗೆ ಟಿವಿಯ ಪಿಕ್ಚರ್ ಟ್ಯೂಬಿನ ಗುಂಜನೆಯನ್ನು ಸೇರಿಸಿ ಮಾಡಿದ್ದು. ಖಡ್ಗ ಬೀಸಿದಾಗ ಸದ್ದು ಏರಿಳಿಯಲೆಂದು ಆ ಧ್ವನಿಯನ್ನು ಸ್ಪೀಕರಿನಲ್ಲಿ ಹಾಕಿ ಅದರ ಮುಂದೆ ಮೈಕನ್ನು ಬೀಸಿ ಮತ್ತೆ ಮುದ್ರಿಸಿಕೊಂಡರು. ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರಿನ ಪಕ್ಕದ ಬೆಂಚಿನಲ್ಲಿ ಕೂತು ಸಿನಿಮಾ ನೋಡಿದ ನನ್ನ ತಲೆಮಾರಿನವರಿಗೆ ಆ ಗುಂಯ್ ಎಂಬುದು ಕಿವಿಯಲ್ಲಿ ಮೊದಲೇ ಇದೆ. ಶತ್ರುಗಳ ಟೈ ಫೈಟರ್ ವಿಮಾನದ ಚೀತ್ಕಾರದಲ್ಲಿ ಆನೆಯ ಘೀಳು ಇದೆ. ಕಾಡಂಚಿನ ಗದ್ದೆಗೆ ಆನೆ ನುಗ್ಗಿದ ರಾತ್ರಿಯನ್ನು ಕಂಡ ಹಳಿಯಾಳ, ಮುಂಡಗೋಡ ಕಡೆಯವರು ಈ ಸದ್ದನ್ನು ಕೇಳಿದರೆ ಕಾರಣ ತಿಳಿಯದೆಯೇ ಮೈ ಬಿಗಿಹಿಡಿದಾರು. ಕರಿ ಮುಖವಾಡದ ಖಳನಾಯಕ ಡಾರ್ಥ್ ವೇಡರನ ಉಸಿರಾಟ ನೀರಿನಡಿ ಈಜುವವರು ಬಾಯಿಗೆ ಕಚ್ಚಿಕೊಳ್ಳುವ ಉಸಿರಿನ ಉಪಕರಣದ್ದು. ಇವೆಲ್ಲ ಈ ಡಿಸ್ಕಿನಲ್ಲಿ ಬೇರೆ ಬೇರೆಯಾಗಿ, ಒಂದರ ಮೇಲೊಂದು ಬೀಳದಂತೆ ಕೇಳಿಸುತ್ತವೆ. ಜಾನ್ ವಿಲಿಯಮ್ಸ್ ಅವರ ಸಂಗೀತದ ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿದ್ದರೂ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಕಹಳೆಗಳು ಮುಚ್ಚಿಹೋಗಲಿಲ್ಲ. ವೇಡರನ ಜೊತೆಗೇ ಎಲ್ಲರ ನೆನಪಿಗೆ ಬರುವ ಆ ಕವಾಯತಿನ ರಾಗ ಮೊದಲ ಚಿತ್ರದಲ್ಲಿ ಇಲ್ಲವೇ ಇಲ್ಲ, 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಮೊದಲು ಬರುತ್ತದೆ ಎಂಬುದನ್ನು ಮೂರನ್ನೂ ಸಾಲಾಗಿ ನೋಡಿದಾಗಲೇ ಗಮನಿಸಿದೆ.

ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಕನ್ನಡದ ಧ್ವನಿಯೂ ಇಲ್ಲ, ಕನ್ನಡದ ಅಡಿಬರಹವೂ ಇಲ್ಲ. ಇದು ದೊಡ್ಡ ಕೊರತೆ, ಏಕೆಂದರೆ ಇವುಗಳ ಕಥೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಮೀಸಲಾಗಬೇಕಾದ್ದಲ್ಲ. ಮುಖ್ಯವಾದ ಮಾತುಗಳನ್ನು ಮಾತ್ರ ಬಿಡಿಸಿ ಹೇಳುತ್ತ ನಾನು ಪಕ್ಕದಲ್ಲಿ ಕೂತಿದ್ದೆ. ಬಿಳಿಯ ಓಣಿಯ ಬಾಗಿಲು ಸಿಡಿದು, ಹೊಗೆಯೆದ್ದು, ಬಿಳಿ ಕವಚದ ಸೈನಿಕರು ನುಗ್ಗಿ, ಎಲ್ಲ ಮುಗಿದ ಮೇಲೆ ನಿಧಾನವಾಗಿ ಆ ಕರಿಯ ವೇಷ ಒಳಗೆ ಕಾಲಿಟ್ಟಾಗ ಆಯಿ ಕಂಬಳಿ ಬದಿಗೆ ಸರಿಸಿ ನೆಟ್ಟಗೆ ಕೂತಳು. ಬಡಗುತಿಟ್ಟಿನ ಯಕ್ಷಗಾನದ ಆಟಗಳನ್ನು ಬೆಳಗಿನವರೆಗೆ ನೋಡಿದವಳಿಗೆ ರಾಕ್ಷಸ ವೇಷದ ಪ್ರವೇಶ ಹೇಗಿರಬೇಕೆಂದು ಯಾರೂ ಕಲಿಸಬೇಕಿಲ್ಲ. ‘ಅಂವ ಮೋರೆ ಯಾವಾಗ ತೋರ್ಸ್ತ?’ ಎಂಬುದು ಅವಳ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಮೂರನೆಯ ಚಿತ್ರದ ಕೊನೆಯಲ್ಲಿ, ಆದ್ದರಿಂದ ನಾನು ಹೇಳಲಿಲ್ಲ.

ಎರಡನೆಯ ರಾತ್ರಿ ವೇಡರ್ ಲ್ಯೂಕ್‌ನ ಕೈ ಕತ್ತರಿಸಿ, ನಾನೇ ನಿನ್ನ ತಂದೆ ಎಂದಾಗ, ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರೆ ಇದು ಬಭ್ರುವಾಹನ ಕಾಳಗವೇ ಆತಲ’ ಎಂದಳು. ಮೊದಲ ಚಿತ್ರ ಅಮೆರಿಕದಲ್ಲಿ ತೆರೆಕಂಡ 1977ರಲ್ಲೇ ನಮ್ಮಲ್ಲಿ ರಾಜಕುಮಾರ್ ಅವರು ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ನಟಿಸಿದ ಚಿತ್ರ ಬಂದಿತ್ತೆಂಬುದು ನನಗೆ ಆಗ ಹೊಳೆಯಿತು. ಆದರೆ ಎರಡು ಕಥೆಗಳು ನಡೆಯುವ ದಿಕ್ಕು ಬೇರೆ. ಅಲ್ಲಿ ಕಾಣಿಕೆ ಹಿಡಿದು ಬಂದ ಮಗನನ್ನು ತಂದೆ ನನ್ನವನಲ್ಲವೆಂದು ಜರೆಯುತ್ತಾನೆ, ಮಗ ಬಾಣ ಹೂಡುತ್ತಾನೆ. ಇಲ್ಲಿ ತಂದೆ ನೀನು ನನ್ನವನೆಂದು ಕೈ ಚಾಚಿ ಅರ್ಧ ರಾಜ್ಯವನ್ನೇ ಕೊಡಲು ಬರುತ್ತಾನೆ, ಮಗ ಆ ಕೈ ಹಿಡಿಯುವುದಕ್ಕಿಂತ ಪಾತಾಳಕ್ಕೆ ಬೀಳುವುದು ಮೇಲೆಂದು ಕೈಬಿಡುತ್ತಾನೆ. ಈ ಗುಟ್ಟನ್ನು ಕಾಯಲು ನಿರ್ದೇಶಕ ಇರ್ವಿನ್ ಕರ್ಶ್ನರ್ ಚಿತ್ರೀಕರಣದ ವೇಳೆ ವೇಡರನ ವೇಷದೊಳಗಿದ್ದ ಡೇವಿಡ್ ಪ್ರೌಸ್ ಅವರಿಗೆ ಬೇರೆಯೇ ಒಂದು ಮಾತನ್ನು ಕೊಟ್ಟಿದ್ದರು. ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ಕಂಠದಲ್ಲಿ ಮುದ್ರಿಸಿದರು. ಇಂದು ಆ ಗುಟ್ಟು ಯಾರಿಗೂ ಗುಟ್ಟಲ್ಲ. ನಮ್ಮ ಹುಡುಗನಿಗೂ ಮೊದಲೇ ಗೊತ್ತಿತ್ತು. ಆದರೂ ಅವನು ಉಸಿರು ಬಿಗಿಹಿಡಿದು ನೋಡಿದ. ಪ್ರಸಂಗ ಗೊತ್ತಿದ್ದವರೇ ಆಟಕ್ಕೆ ಹೆಚ್ಚು ಬರುತ್ತಾರಲ್ಲವೇ. ಏನಾಗುತ್ತದೆ ಎಂದಲ್ಲ, ಹೇಗೆ ಆಗುತ್ತದೆ ಎಂದು ನೋಡಲು.

ಇನ್ನು ನನ್ನ ದೂರು. ಈ ಪೆಟ್ಟಿಗೆಯಲ್ಲಿರುವುದು ಜನ ಮೊದಲು ನೋಡಿ ಮೆಚ್ಚಿದ ಚಿತ್ರಗಳಲ್ಲ. 1997ರಲ್ಲಿ ಒಮ್ಮೆ, 2004ರ ಡಿವಿಡಿಗಾಗಿ ಇನ್ನೊಮ್ಮೆ, 2011ರಲ್ಲಿ ಮತ್ತೊಮ್ಮೆ ಲ್ಯೂಕಸ್ ಇವುಗಳನ್ನು ತಿದ್ದಿದರು. ಕೆಲವು ತಿದ್ದುಪಡಿಗಳು ನಿರಪಾಯಕಾರಿ, ಕೆಲವು ಒಳ್ಳೆಯವು ಕೂಡ. ಆದರೆ 1983ರ ಚಿತ್ರದ ಜಬ್ಬಾ ಎಂಬ ದಢೂತಿ ಖಳನನ್ನು ಮೊದಲ ಚಿತ್ರಕ್ಕೆ ಸೇರಿಸಿದ ಜಬ್ಬಾನ ಪಕ್ಕದಲ್ಲಿಟ್ಟು ನೋಡಿ. 1983ರದ್ದು ಹೊಟ್ಟೆಯೊಳಗೆ ಕೂತ ಕಲಾವಿದರು ಆಡಿಸುತ್ತಿದ್ದ ಭಾರೀ ಬೊಂಬೆ. ಅದರ ಚರ್ಮ ಜಿಗುಟಾಗಿದೆ, ಉಸಿರಿಗೆ ಮೈ ಅಲುಗುತ್ತದೆ, ಬಾಲ ತನ್ನಷ್ಟಕ್ಕೆ ಮಿಸುಕುತ್ತದೆ. ಕಂಪ್ಯೂಟರಿನಲ್ಲಿ ಮಾಡಿ 1997ರಲ್ಲಿ ಸೇರಿಸಿ, ಆಮೇಲೆಯೂ ತಿದ್ದಿದ್ದು ನೆಲದ ಮೇಲೆ ನಿಂತಂತೆಯೇ ಕಾಣುವುದಿಲ್ಲ. ವಯಸ್ಸಿನಲ್ಲಿ ಚಿಕ್ಕದಾದ ತಿದ್ದುಪಡಿಯೇ ಹಳೆಯದಾಗಿ ಕಾಣುತ್ತದೆ. ಫ್ರ್ಯಾಂಕ್ ಆಜ್ ನೆಲಮಟ್ಟದ ಕೆಳಗೆ ನಿಂತು ಕೈಯಿಂದ ಆಡಿಸಿದ, ಲ್ಯೂಕ್‌ನ ಪುಟ್ಟ ಗುರು ಯೋಡನ ಕಿವಿಗಳು ಬೇಸರದಿಂದ ಇಳಿಬೀಳುವುದನ್ನು ನೋಡಿದ ಮೇಲೆ ಪೂರ್ವಕಥೆಯ ಚಿತ್ರಗಳಲ್ಲಿ ಜಿಗಿದಾಡುವ ಯೋಡ ನನಗೆ ಪರಕೀಯನೆನಿಸಿದ.

ಎಲ್ಲಕ್ಕಿಂತ ಹೆಚ್ಚು ನೋವಾದದ್ದು ‘ರಿಟರ್ನ್ ಆಫ್ ದಿ ಜೇಡೈ’ಯ ಕೊನೆಯಲ್ಲಿ. ವೇಡರನ ಒಡೆಯನಾದ ಚಕ್ರವರ್ತಿ ಲ್ಯೂಕ್‌ನನ್ನು ಮಿಂಚಿನಿಂದ ಸುಡುತ್ತಿದ್ದಾನೆ. ವೇಡರ್ ಪಕ್ಕದಲ್ಲಿ ನಿಂತಿದ್ದಾನೆ. ಮುಖವಾಡಕ್ಕೆ ಹುಬ್ಬಿಲ್ಲ, ತುಟಿಯಿಲ್ಲ. ತಲೆ ಮಾತ್ರ ಮಗನ ಕಡೆಗೆ, ಚಕ್ರವರ್ತಿಯ ಕಡೆಗೆ, ಮತ್ತೆ ಮಗನ ಕಡೆಗೆ ತಿರುಗುತ್ತದೆ. 1983ರ ಮೂಲ ರೂಪದಲ್ಲಿ ಅವನು ಒಂದು ಮಾತೂ ಆಡದೆ ಚಕ್ರವರ್ತಿಯನ್ನು ಎತ್ತಿ ಎಸೆಯುತ್ತಾನೆ. 2011ರ ಈ ಆವೃತ್ತಿಯಲ್ಲಿ ಅವನ ಬಾಯಿಗೆ ‘ನೋ’ ಎಂಬ ಕೂಗನ್ನು ತುರುಕಿದ್ದಾರೆ. ಒಳ್ಳೆಯ ವೇಷಧಾರಿ ಅಭಿನಯದಲ್ಲಿ ಎಲ್ಲವನ್ನೂ ತೋರಿಸಿ ನಿಂತಾಗ ಪಕ್ಕದಿಂದ ಯಾರೋ ಅದರ ಅರ್ಥವನ್ನು ಕೂಗಿ ಹೇಳಿದ ಹಾಗಾಯಿತು. ಮೊದಲ ಚಿತ್ರವನ್ನು 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ, ಅದೂ ಮೊದಲ 25 ಚಿತ್ರಗಳಲ್ಲಿ ಒಂದಾಗಿ, ಸೇರಿಸಲಾಯಿತು. ಹಾಗೆ ಕಾಪಿಡಲು ಯೋಗ್ಯವೆಂದು ಆರಿಸಿದ ರೂಪವೇ ಒಂಬತ್ತು ಡಿಸ್ಕುಗಳಲ್ಲಿ ಒಂದರಲ್ಲೂ ಇಲ್ಲದಿರುವುದನ್ನು ನಾನು ಒಪ್ಪಲಾರೆ. 2006ರ ಡಿವಿಡಿಗಳಲ್ಲಿ ಹಳೆಯ ರೂಪ ಹೆಚ್ಚುವರಿ ಡಿಸ್ಕಾಗಿ ಬಂದಿತ್ತಾದರೂ ಅದರ ಚಿತ್ರದ ಗುಣಮಟ್ಟ ಸಾಧಾರಣ.

ಹಾಗಿದ್ದರೂ ಕೊಳ್ಳಿರೆಂದೇ ಹೇಳುತ್ತೇನೆ. ಹೆಚ್ಚುವರಿ ಡಿಸ್ಕುಗಳು ಮತ್ತು ಚಿತ್ರದ ಜೊತೆಗೇ ಓಡುವ ವ್ಯಾಖ್ಯಾನಗಳು ಬೆಲೆಯನ್ನು ಸಾರ್ಥಕ ಮಾಡುತ್ತವೆ. ಬೆನ್ ಬರ್ಟ್ ಮಾತಾಡುವ ಭಾಗಗಳನ್ನಂತೂ ಸಂಗೀತ ಕಲಿಯುವ ಮಕ್ಕಳಿಗೂ ಕೇಳಿಸಬೇಕು. ಪೂರ್ವಕಥೆಯ ಮೂರು ಚಿತ್ರಗಳನ್ನು ಆಮೇಲೆ ನೋಡಿದರೆ ಸಾಕು, ಮೊದಲು ನೋಡಿದರೆ ತಂದೆಯ ಗುಟ್ಟು ವ್ಯರ್ಥವಾಗುತ್ತದೆ. ಲ್ಯೂಕ್ ಎರಡು ಸೂರ್ಯರು ಮುಳುಗುವುದನ್ನು ನೋಡುತ್ತ ನಿಲ್ಲುವ ದೃಶ್ಯಕ್ಕೆ ಕೋಣೆಯ ದೀಪ ಆರಿಸಿ. ಅದನ್ನು ಚಿತ್ರಿಸಿದ್ದು ಟ್ಯುನಿಷಿಯಾದ ಉಪ್ಪಿನ ಬಯಲಿನಲ್ಲಿ. ಬೇಸಿಗೆಯ ಸಂಜೆ ಸಾಣಿಕಟ್ಟೆಯ ಉಪ್ಪಿನ ಆಗರದ ಬದುವಿನ ಮೇಲೆ ನಿಂತವರಿಗೆ, ಬೆಳಕು ಆಕಾಶದಿಂದಲೂ ನೆಲದಿಂದಲೂ ಮುಖಕ್ಕೆ ಬೀಳುವುದು ಹೇಗಿರುತ್ತದೆಂದು ಗೊತ್ತಿದೆ. ಆ ಬೆಳಕು ಈ ಡಿಸ್ಕಿನಲ್ಲಿ ಹಾಗೆಯೇ ಉಳಿದಿದೆ.

ಕರಾವಳಿಯವರಿಗೆ ಇನ್ನೊಂದು ಮಾತು. ನಮ್ಮ ಹವೆಯಲ್ಲಿ ಡಿಸ್ಕುಗಳಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣ ಹಾಕಿ ಇಡಿ. ಬೂಷ್ಟು ಕಂಡರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ತಿರುಗಿಸಿ ಉಜ್ಜಬೇಡಿ. ನನ್ನ ಪೆಟ್ಟಿಗೆಯಲ್ಲಿ ಸದ್ಯ ಎಂಟೇ ಡಿಸ್ಕುಗಳಿವೆ. 1980ರ ಚಿತ್ರವನ್ನು ಹುಡುಗ ಗೆಳೆಯರಿಗೆ ತೋರಿಸುತ್ತೇನೆಂದು ಸ್ವೆಟರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಶಿರಸಿಗೆ ಒಯ್ದಿದ್ದಾನೆ.